ಹಾಸನ ಸಿಗುತ್ತೆ, ಬೇಲೂರು ಸಿಗಲ್ಲ: ಒಂದೇ ಪ್ರೋಗ್ರಾಮ್ ಮೂರು ಕಂಪ್ಯೂಟರ್‌ಗಳಲ್ಲಿ ಮೂರು ಥರ ನಡೆದರೆ ದೋಷ ಹುಡುಕುವ ಬಗೆ

ಮೂಡಿಗೆರೆ ಹತ್ತಿರ ನನ್ನ ಮಾವನಿಗೆ ಸಣ್ಣ ಕಾಫಿ ತೋಟ ಇದೆ. ದಿನಾ ಬೆಳಗ್ಗೆ ಮಳೆ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ನಮ್ಮ ಕಡೆ ತೋಟದವರು ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳುವುದು ಕಡಿಮೆ. ಇಂಚು, ಸೆಂಟ್ ಅಂತಲೇ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ‘ನಿನ್ನೆ ಅರವತ್ತು ಸೆಂಟ್ ಬಂತು ಕಣಪ್ಪ’ ಅಂದರೆ 15 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಂತ ಅರ್ಥ. ಈ ಲೆಕ್ಕ ಕೂಡಿಸಲು, ಹೂ ಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಎಷ್ಟು ಬಿತ್ತು, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಅಂತ ತೋರಿಸಲು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ.

ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಇರುವುದು ವಿಂಡೋಸ್ 10 ಲ್ಯಾಪ್‌ಟಾಪ್. ಅದರಲ್ಲಿ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಹಾಸನದ ಗೆಳೆಯ ಬೇಕು ಅಂದ, ಅವನದು ಉಬುಂಟು, ಅಂದರೆ ಒಂದು ಬಗೆಯ ಲಿನಕ್ಸ್. ಸಕಲೇಶಪುರದ ಅತ್ತಿಗೆಯೂ ಕೇಳಿದರು, ಅವರದು ಹಳೆಯ ಮ್ಯಾಕ್. ಹಾಸನ, ಆಲೂರು, ಬೇಲೂರು, ಸಕಲೇಶಪುರ ಅಂತ ಊರಿಗೊಂದು ಫೈಲ್ ಆಯಿತು. ಅಲ್ಲಿಂದ ತೊಂದರೆಗಳೂ ಶುರುವಾದವು. ಮೂರೂ ಕಡೆ ಓಡಿಸಿ ನೋಡಿದಾಗ ಸಿಕ್ಕ ದೋಷಗಳು ಯಾವುವು, ಅವನ್ನು ಹಿಡಿದದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಪೈಥಾನ್, ಆದರೆ ಇಲ್ಲಿರುವ ತೊಂದರೆಗಳಲ್ಲಿ ಹೆಚ್ಚಿನವು ಬೇರೆ ಭಾಷೆಯಲ್ಲಿ ಬರೆಯುವವರಿಗೂ ಬರುತ್ತವೆ.

ಒಂದು ಮಾತು ಮೊದಲೇ ಹೇಳುತ್ತೇನೆ. ದೋಷ ಬಂದಾಗ ನಾವೆಲ್ಲ ಕೆಟ್ಟು ನಿಂತ ಜಾಗವನ್ನೇ ದಿಟ್ಟಿಸಿ ನೋಡುತ್ತಾ ಕೂರುತ್ತೇವೆ. ಅದರ ಜೊತೆಗೆ ಎಲ್ಲಿ ಸರಿಯಾಗಿ ನಡೆಯಿತು ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಕಂಪ್ಯೂಟರ್‌ನಲ್ಲಿ ನಡೆಯಿತು, ಯಾವ ಊರಿನ ಫೈಲ್ ತೆರೆಯಿತು, ಯಾವುದು ತೆರೆಯಲಿಲ್ಲ. ನಾನು ಎರಡು ದೊಡ್ಡ ದೋಷಗಳನ್ನು ಬಿಡಿಸಿಕೊಂಡದ್ದು ಈ ಹಾಳೆಯಿಂದಲೇ.

ಮೊದಲು ಫೈಲ್ ಒಂದೇನಾ ನೋಡಿ

‘ನಿನ್ನ ಪ್ರೋಗ್ರಾಮ್ ನನ್ನಲ್ಲಿ ಓಡ್ತಿಲ್ಲ ಕಣೋ’ ಅಂತ ಫೋನ್ ಬಂದ ತಕ್ಷಣ ಕೋಡ್ ತೆರೆಯಬೇಡಿ. ನಿಮ್ಮ ಹತ್ತಿರ ಇರುವ ಫೈಲ್, ಅವರ ಹತ್ತಿರ ಇರುವ ಫೈಲ್ ಎರಡೂ ಅಕ್ಷರಶಃ ಒಂದೇನಾ ಅಂತ ನೋಡಿ. ಇದಕ್ಕೆ ಶಾ-256 ಅನ್ನುವ ಲೆಕ್ಕ ಇದೆ. ಫೈಲ್ ಕೊಟ್ಟರೆ ಅದು ಒಂದು ಉದ್ದನೆಯ ಗುರುತು ಕೊಡುತ್ತದೆ. ಫೈಲ್‌ನಲ್ಲಿ ಒಂದೇ ಒಂದು ಬೈಟ್ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಶಾ256ಸಮ್, ಮ್ಯಾಕ್‌ನಲ್ಲಿ ಶಾಸಮ್ ಅನ್ನುವ ಕಮಾಂಡ್ ಇದನ್ನು ಮಾಡುತ್ತದೆ, ಬೇರೇನೂ ಹಾಕಿಕೊಳ್ಳಬೇಕಾಗಿಲ್ಲ. ಸರ್ಟ್‌ಯುಟಿಲ್‌ಗೂ ಶಾಸಮ್‌ಗೂ ಶಾ-256 ಬೇಕು ಅಂತ ಮಾತ್ರ ಹೇಳಬೇಕು, ಇಲ್ಲದಿದ್ದರೆ ಅವು ಹಳೆಯ ಶಾ-1 ಲೆಕ್ಕ ಕೊಡುತ್ತವೆ. ಮೊದಲ ಆರು, ಕೊನೆಯ ಆರು ಅಕ್ಷರ ಫೋನ್‌ನಲ್ಲಿ ಓದಿಸಿ ಹೋಲಿಸಿದರೆ ಸಾಕು.

ಗುರುತು ಬೇರೆ ಬಂದರೆ ಫೈಲ್‌ನ ಗಾತ್ರ ನೋಡಿ. ಮಾವನ ಒಂದು ವರ್ಷದ ಫೈಲ್‌ನಲ್ಲಿ ತಲೆಬರಹ ಸೇರಿ 366 ಸಾಲು. ನನ್ನ ಪ್ರತಿಗೂ ಹಾಸನದ ಗೆಳೆಯನ ಪ್ರತಿಗೂ ಗಾತ್ರದಲ್ಲಿ ಸರಿಯಾಗಿ 366 ಬೈಟ್ ವ್ಯತ್ಯಾಸ ಇತ್ತು. ವ್ಯತ್ಯಾಸ ಸಾಲುಗಳ ಲೆಕ್ಕಕ್ಕೆ ಸರಿಹೊಂದಿದರೆ ಕಾರಣ ಹೆಚ್ಚಾಗಿ ಸಾಲು ಮುಗಿಸುವ ಗುರುತೇ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್ ಇಡುತ್ತದೆ, ಅವುಗಳ ಸಂಖ್ಯೆ 13 ಮತ್ತು 10. ಲಿನಕ್ಸ್ ಮತ್ತು ಮ್ಯಾಕ್ ಒಂದೇ ಇಡುತ್ತವೆ, ಬರೀ 10. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವವರಾದರೆ ಇದು ನಿಮಗೆ ಗೊತ್ತಾಗದ ಹಾಗೆಯೇ ಆಗಿರಬಹುದು, ಯಾಕಂದರೆ ವಿಂಡೋಸ್‌ನಲ್ಲಿ ಗಿಟ್ ಹಾಕುವಾಗ ಸುಮ್ನೆ ಮುಂದೆ ಮುಂದೆ ಅಂತ ಒತ್ತುತ್ತಾ ಹೋದರೆ, ಫೈಲ್ ಇಳಿಸುವಾಗ ಸಾಲಿನ ಕೊನೆಯನ್ನು ವಿಂಡೋಸ್ ರೀತಿಗೆ ಬದಲಿಸುವ ಆಯ್ಕೆಯೇ ಉಳಿದುಕೊಳ್ಳುತ್ತದೆ.

ಒಂದು 13 ಜಾಸ್ತಿ ಇದ್ದರೆ ಏನು ಮಹಾ ಅಲ್ವಾ? ಮಳೆ ಲೆಕ್ಕದ ಫೈಲ್‌ಗೆ ಏನೂ ಆಗಲಿಲ್ಲ, ಪೈಥಾನ್ ಎರಡನ್ನೂ ಓದಿಕೊಳ್ಳುತ್ತದೆ. ಪೆಟ್ಟು ಬಿದ್ದದ್ದು ಪ್ರೋಗ್ರಾಮ್‌ನ ಫೈಲ್‌ಗೆ. ಲಿನಕ್ಸ್‌ನಲ್ಲಿ ಪ್ರೋಗ್ರಾಮ್‌ನ ಮೊದಲ ಸಾಲಿನಲ್ಲಿ ಇದನ್ನು ಯಾರು ಓಡಿಸಬೇಕು ಅಂತ ಬರೆದಿರುತ್ತದೆ. ಆ ಸಾಲಿನ ಕೊನೆಯಲ್ಲಿ ಕಾಣದ 13 ಅಂಟಿಕೊಂಡರೆ ಲಿನಕ್ಸ್ ‘ಪೈಥಾನ್3’ ಅನ್ನು ಹುಡುಕುವುದಿಲ್ಲ, ‘ಪೈಥಾನ್3 ಮತ್ತು ಒಂದು 13’ ಅನ್ನುವ ಹೆಸರನ್ನು ಹುಡುಕುತ್ತದೆ. ಅಂಥದ್ದು ಎಲ್ಲೂ ಇರುವುದಿಲ್ಲ. ಹಾಗಾಗಿ ಅಂಥ ಫೈಲೇ ಇಲ್ಲ ಅಂತ ಎರರ್ ಬರುತ್ತದೆ. ಫೈಲ್ ಕಣ್ಣೆದುರಿಗೇ ಇರುತ್ತದೆ, ಅದನ್ನು ನೋಡಿ ತಲೆ ಕೆಡುತ್ತದೆ.

ಪರೀಕ್ಷೆ ಸುಲಭ. ಫೈಲ್‌ನ ಹೆಸರಿನ ಮುಂದೆ ./ ಮಾತ್ರ ಹಾಕಿ ನೇರವಾಗಿ ಓಡಿಸಿ. ಆಮೇಲೆ ಮುಂದೆ ಪೈಥಾನ್3 ಅಂತ ಹಾಕಿ ಓಡಿಸಿ. ಎರಡನೆಯದು ನಡೆದು ಮೊದಲನೆಯದು ನಡೆಯದಿದ್ದರೆ, ಎರರ್ ಕೂಡ ಇದೇ ಆಗಿದ್ದರೆ, ನಿಮ್ಮ ದೋಷ ಇದೇ. ಡಾಸ್2ಯುನಿಕ್ಸ್ ಅನ್ನುವ ಪುಟ್ಟ ಸಲಕರಣೆ 13 ಅನ್ನು ತೆಗೆದುಹಾಕುತ್ತದೆ. ಮತ್ತೆ ಬರಬಾರದು ಅಂದರೆ ಗಿಟ್‌ನ ಅಟ್ರಿಬ್ಯೂಟ್ಸ್ ಫೈಲ್‌ನಲ್ಲಿ, ಪೈಥಾನ್ ಫೈಲ್‌ಗಳ ಸಾಲಿನ ಕೊನೆ ಯಾವಾಗಲೂ ಲಿನಕ್ಸ್ ರೀತಿಯಲ್ಲೇ ಇರಲಿ ಅಂತ ಒಂದು ಸಾಲು ಬರೆದಿಡಿ.

ಕನ್ನಡದ ಜಾಗದಲ್ಲಿ ಇನ್ನೇನೋ ಬಂದರೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಕನ್ನಡದಲ್ಲಿ ಕೆಲಸ ಮಾಡುವ ಯಾರಿಗೂ ಇದು ತಪ್ಪಿದ್ದಲ್ಲ, ಮತ್ತು ಹೆಚ್ಚಿನವರು ಇದಕ್ಕೆ ಹೆದರಿ ಊರಿನ ಹೆಸರನ್ನೇ ಇಂಗ್ಲಿಷ್‌ಗೆ ಬದಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ನಮ್ಮ ಊರಿನ ಹೆಸರು ನಮ್ಮ ಲಿಪಿಯಲ್ಲೇ ಇರಬೇಕು, ಅದು ಆಗದ ಕೆಲಸವೇನಲ್ಲ.

ಮೊದಲ ಸಲ ಆದದ್ದು ಹೀಗೆ. ಫೈಲ್ ಬರೆದದ್ದು ಗೆಳೆಯನ ಉಬುಂಟುವಿನಲ್ಲಿ. ನನ್ನ ವಿಂಡೋಸ್‌ನಲ್ಲಿ ಹಾಸನದ ಫೈಲ್ ತೆರೆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಬಂದವು. ಆದರೆ ಪ್ರೋಗ್ರಾಮ್ ನಿಲ್ಲಲಿಲ್ಲ, ಲೆಕ್ಕ ಸರಿಯಾಗಿಯೇ ಬಂತು. ಚಿಕ್ಕಮಗಳೂರಿನ ಫೈಲ್ ತೆರೆದರೆ ಪ್ರೋಗ್ರಾಮ್ ಅಲ್ಲೇ ನಿಂತು ಹೋಯಿತು. ಆಲೂರಿನದ್ದೂ ಅಷ್ಟೇ. ಒಂದೇ ಕಂಪ್ಯೂಟರ್, ಒಂದೇ ಕೋಡ್. ಹಾಸನ ಬರೀ ಕೆಟ್ಟು ಕಾಣುತ್ತದೆ, ಚಿಕ್ಕಮಗಳೂರು ಪ್ರೋಗ್ರಾಮ್ ಅನ್ನೇ ನಿಲ್ಲಿಸುತ್ತದೆ. ಹಾಳೆಯಲ್ಲಿ ಬರೆದುಕೊಂಡೆ.

ಕಾರಣ ಬೈಟ್‌ಗಳಲ್ಲಿ ಇತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ. ಯುನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ, ಅದನ್ನು ಬರೆದಿಡುವ ಒಂದು ಎನ್‌ಕೋಡಿಂಗ್ ಯುಟಿಎಫ್-8. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ಪೈಥಾನ್‌ಗೆ ಎನ್‌ಕೋಡಿಂಗ್ ಯಾವುದು ಅಂತ ನಾವು ಹೇಳದಿದ್ದರೆ, ಅದು ಆಪರೇಟಿಂಗ್ ಸಿಸ್ಟಮ್‌ನ ಸೆಟ್ಟಿಂಗ್ ನೋಡಿ ತೀರ್ಮಾನ ಮಾಡುತ್ತದೆ. ಉಬುಂಟು, ಮ್ಯಾಕ್ ಎರಡರಲ್ಲೂ ಸಾಮಾನ್ಯವಾಗಿ ಅದು ಯುಟಿಎಫ್-8. ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಅದು 1252 ಅನ್ನುವ ಹಳೆಯ ಪಟ್ಟಿ. ಆ ಪಟ್ಟಿ ಒಂದು ಬೈಟ್‌ಗೆ ಒಂದು ಅಕ್ಷರ ಅಂತ ಓದುತ್ತದೆ, ಹಾಗಾಗಿ ನಮ್ಮ ಒಂದು ಅಕ್ಷರ ಮೂರು ತುಂಡಾಗುತ್ತದೆ. ಕನ್ನಡದ ಗುರುತುಗಳ ಮೊದಲೆರಡು ಬೈಟ್ ಹೆಚ್ಚು ಕಡಿಮೆ ಯಾವಾಗಲೂ ಒಂದೇ ಥರ ಇರುವುದರಿಂದ ಇದನ್ನು ಕಣ್ಣಲ್ಲೇ ಹಿಡಿಯಬಹುದು. ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು. ಇದೇ ಮತ್ತೆ ಮತ್ತೆ ಬಂದರೆ ನಿಮ್ಮ ಫೈಲ್ ಕೆಟ್ಟಿಲ್ಲ. ಓದುವವರು ತಪ್ಪು ಪಟ್ಟಿ ಹಿಡಿದು ಓದುತ್ತಿದ್ದಾರೆ, ಅಷ್ಟೇ.

ಮತ್ತೆ ಚಿಕ್ಕಮಗಳೂರು ನಿಲ್ಲಿಸಿದ್ದು ಯಾಕೆ? 1252 ಪಟ್ಟಿಯಲ್ಲಿ ಐದು ಜಾಗ ಖಾಲಿ ಇವೆ, ಪೈಥಾನ್ ಆ ಜಾಗಕ್ಕೆ ಬಂದರೆ ಮುಂದೆ ಹೋಗುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಕೊಂಬು, ಅಂದರೆ ‘ರು’ದಲ್ಲಿ ಬರುವ ಗುರುತು, ಅದರ ಮೂರನೆಯ ಬೈಟ್ ಅಂಥ ಖಾಲಿ ಜಾಗಕ್ಕೇ ಬೀಳುತ್ತದೆ. ಒತ್ತಕ್ಷರಕ್ಕೆ ಬಳಸುವ ಅರ್ಧಾಕ್ಷರದ ಗುರುತೂ ಹಾಗೆಯೇ. ಚಿಕ್ಕಮಗಳೂರಿನಲ್ಲಿ ಎರಡೂ ಇವೆ, ಆಲೂರಿನಲ್ಲಿ ಕೊಂಬು ಇದೆ, ಹಾಸನದಲ್ಲಿ ಎರಡೂ ಇಲ್ಲ. ಇಷ್ಟು ಗೊತ್ತಾದಾಗ ನನಗೆ ಆದ ಸಂತೋಷ ಹೇಳಲಾರೆ. ಆದರೆ ಇದರಿಂದ ಕಲಿಯಬೇಕಾದ್ದು ಏನೆಂದರೆ, ಹಾಸನ ಅಂತ ಒಂದೇ ಹೆಸರು ಹಾಕಿ ಪರೀಕ್ಷೆ ಮಾಡಿ ‘ಪ್ರೋಗ್ರಾಮ್ ನಿಲ್ಲಲ್ಲ, ಅಕ್ಷರ ಮಾತ್ರ ಸ್ವಲ್ಪ ಕೆಟ್ಟು ಕಾಣುತ್ತೆ’ ಅಂತ ನಾನು ಅಲ್ಲಿಗೇ ಬಿಟ್ಟಿದ್ದರೆ ಆಲೂರಿನವರಿಗೆ ಅದು ಓಡುತ್ತಲೇ ಇರಲಿಲ್ಲ.

ಖಚಿತ ಮಾಡಿಕೊಳ್ಳಲು ಕೋಡ್ ಮುಟ್ಟಬೇಕಾಗಿಲ್ಲ. ಪೈಥಾನ್ 3.7ರಿಂದ ಯುಟಿಎಫ್-8 ಮೋಡ್ ಅಂತ ಒಂದಿದೆ, ಪೈಥಾನ್‌ಯುಟಿಎಫ್8 ಅನ್ನುವ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ. ದೋಷ ಹೋದರೆ ಕಾರಣ ಸಿಕ್ಕಿತು. ಆಮೇಲೆ ಆ ವೇರಿಯಬಲ್ ತೆಗೆದು, ಕೋಡ್‌ನಲ್ಲಿ ಫೈಲ್ ತೆರೆಯುವ ಪ್ರತಿ ಜಾಗದಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ಪೈಥಾನ್ 3.15ರಿಂದ ಅದು ತಾನಾಗಿಯೇ ಯುಟಿಎಫ್-8 ಹಿಡಿಯಬೇಕು ಅಂತ ತೀರ್ಮಾನವಾಗಿದೆ, ಆದರೆ ಜನರ ಹತ್ತಿರ ಹಳೆಯ ಪೈಥಾನ್ ಇನ್ನೂ ಬಹಳ ದಿನ ಇರುತ್ತದೆ. ಪರದೆ ಮೇಲೆ ಸರಿಯಾಗಿ ಬಂದು, ಅದೇ ಉತ್ತರವನ್ನು ಫೈಲ್‌ಗೆ ಕಳಿಸಿದಾಗ ಮಾತ್ರ ಎರರ್ ಬಂದರೂ ಕಾರಣ ಇದೇ.

ಇದಕ್ಕೆ ಹತ್ತಿರದ ಇನ್ನೊಂದು. ಮಾವ ಎಕ್ಸೆಲ್‌ನಲ್ಲಿ ಫೈಲ್ ತಿದ್ದಿ, ಸಿಎಸ್‌ವಿ ಯುಟಿಎಫ್-8 ಅಂತಲೇ ಸರಿಯಾಗಿ ಸೇವ್ ಮಾಡಿ ಕಳಿಸಿದರು. ಪ್ರೋಗ್ರಾಮ್ ‘ದಿನಾಂಕ’ ಅನ್ನುವ ಕಾಲಂ ಇಲ್ಲ ಅಂತು. ಮಳೆ, ಷರಾ, ಉಳಿದ ಕಾಲಂ ಎಲ್ಲ ಸಿಗುತ್ತವೆ. ಮೊದಲನೆಯದು ಮಾತ್ರ ಸಿಗಲ್ಲ! ಮೊದಲನೆಯದು ಮಾತ್ರ ಅನ್ನುವುದೇ ಸುಳಿವು. ಎಕ್ಸೆಲ್ ಹೀಗೆ ಸೇವ್ ಮಾಡುವಾಗ ಫೈಲ್‌ನ ಶುರುವಿನಲ್ಲಿ ಕಾಣದ ಮೂರು ಬೈಟ್ ಇಡುತ್ತದೆ, ಬಾಮ್ ಅಂತ ಅದರ ಹೆಸರು. ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಳ್ಳುತ್ತದೆ. ಓದುವಾಗ ಯುಟಿಎಫ್-8-ಸಿಗ್ ಅನ್ನುವ ಎನ್‌ಕೋಡಿಂಗ್ ಕೊಟ್ಟರೆ ಬಾಮ್ ಇದ್ದರೂ ಇಲ್ಲದಿದ್ದರೂ ಸರಿಯಾಗಿ ಓದುತ್ತದೆ. ಎಕ್ಸೆಲ್‌ಗೆ ಅಂತ ಬರೆಯುವ ಫೈಲ್‌ಗೂ ಅದನ್ನೇ ಕೊಡಿ, ಇಲ್ಲದಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಕನ್ನಡ ಕೆಟ್ಟು ಕಾಣಬಹುದು.

ಮೂರೂ ಕಂಪ್ಯೂಟರ್‌ನಲ್ಲಿ ಒಂದೇ ಥರ ಕೆಟ್ಟು ಕಂಡರೆ? ಆಗ ಆಪರೇಟಿಂಗ್ ಸಿಸ್ಟಮ್ ಮೇಲೆ ಅನುಮಾನ ಬಿಡಿ. ಅದು ನುಡಿ ಅಥವಾ ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ, ಯುನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ್ದಿರಬೇಕು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಫೈಲ್ ಕಾಣುತ್ತೆ, ಆದರೆ ಸಿಗಲ್ಲ

ಸುಲಭದ್ದು ಮೊದಲು. ಫೋಲ್ಡರ್‌ನ ಹೆಸರು ಇಂಗ್ಲಿಷ್‌ನಲ್ಲಿದ್ದು, ಕೋಡ್‌ನಲ್ಲಿ ದೊಡ್ಡ ಅಕ್ಷರದಿಂದ, ಡಿಸ್ಕ್‌ನಲ್ಲಿ ಸಣ್ಣ ಅಕ್ಷರದಿಂದ ಶುರುವಾದರೆ ವಿಂಡೋಸ್‌ಗೂ ಮ್ಯಾಕ್‌ಗೂ ಸಾಮಾನ್ಯವಾಗಿ ಎರಡೂ ಒಂದೇ. ಲಿನಕ್ಸ್‌ಗೆ ಎರಡೂ ಬೇರೆ ಬೇರೆ. ಹೀಗಾಗಿ ಎರಡು ಕಡೆ ಓಡಿ ಲಿನಕ್ಸ್‌ನಲ್ಲಿ ಮಾತ್ರ ನಿಂತರೆ ಮೊದಲು ಇದನ್ನೇ ನೋಡಿ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರ ಅನ್ನುವುದೇ ಇಲ್ಲ, ನಮ್ಮ ಹೆಸರುಗಳಲ್ಲಿ ಈ ತೊಂದರೆ ಬರುವುದಿಲ್ಲ.

ಇದರಲ್ಲಿ ಒಂದು ಬಲೆ ಇದೆ. ಗೆಳೆಯ ಪೆನ್ ಡ್ರೈವ್‌ನಿಂದಲೇ ಓಡಿಸಿ ‘ಸರಿ ಇದೆ’ ಅಂದ. ಎರಡು ದಿನ ಬಿಟ್ಟು ತನ್ನ ಹೋಮ್ ಫೋಲ್ಡರ್‌ಗೆ ಹಾಕಿಕೊಂಡ, ನಿಂತು ಹೋಯಿತು. ಅದೇ ಕಂಪ್ಯೂಟರ್, ಅದೇ ಉಬುಂಟು. ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಅನ್ನುವ ಫೈಲ್ ಸಿಸ್ಟಮ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇರುತ್ತವೆ, ಅವು ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ. ಅಂದರೆ ಪೆನ್ ಡ್ರೈವ್ ಮೇಲೆ ಮಾಡಿದ ಲಿನಕ್ಸ್ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಿಸ್ಕ್‌ಗೆ ಹಾಕಿಕೊಂಡೇ ಓಡಿಸಿ.

ಈಗ ಬೇಲೂರು. ನನ್ನ ನಾಲ್ಕು ಸಂಜೆ ತಿಂದದ್ದು ಇದು. ಅತ್ತಿಗೆ ತಮ್ಮ ಹಳೆಯ ಮ್ಯಾಕ್‌ನಲ್ಲಿ ನಾಲ್ಕೂ ಊರಿನ ಫೈಲ್ ಮಾಡಿ, ಪ್ರೋಗ್ರಾಮ್‌ನಲ್ಲೇ ಇರುವ ಬ್ಯಾಕಪ್ ಬಟನ್ ಒತ್ತಿ ಜಿಪ್ ಮಾಡಿ ಕಳಿಸಿದರು. ಅವರಲ್ಲಿ ನಾಲ್ಕೂ ಓಡುತ್ತವೆ. ನನ್ನಲ್ಲಿ, ಹಾಸನದ ಗೆಳೆಯನಲ್ಲಿ, ಹಾಸನ ಮತ್ತು ಆಲೂರು ಓಡುತ್ತವೆ, ಬೇಲೂರು ಮತ್ತು ಸಕಲೇಶಪುರ ಇಲ್ಲ ಅನ್ನುತ್ತದೆ. ಫೋಲ್ಡರ್ ತೆರೆದು ನೋಡಿದರೆ ಬೇಲೂರು ಅಂತ ದುಂಡಾಗಿ ಬರೆದ ಫೈಲ್ ಇದೆ. ಆ ಫೈಲ್‌ನ ಹೆಸರನ್ನು ಅಳಿಸಿ ನನ್ನ ಕೀಬೋರ್ಡ್‌ನಲ್ಲಿ ಮತ್ತೆ ಬೇಲೂರು ಅಂತಲೇ ಟೈಪ್ ಮಾಡಿದೆ. ಓಡಿತು! ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೂ ಇಲ್ಲ.

ಹಾಳೆ ತೆಗೆದೆ. ಒಂದು ಕಡೆ ಹಾಸನ, ಆಲೂರು. ಇನ್ನೊಂದು ಕಡೆ ಬೇಲೂರು, ಸಕಲೇಶಪುರ. ಕೊಂಬಿನ ತೊಂದರೆ ಅಲ್ಲ, ಆಲೂರಿನಲ್ಲಿ ಕೊಂಬಿದ್ದರೂ ಓಡುತ್ತಿದೆ. ಉದ್ದ ಕಾರಣ ಅಲ್ಲ, ಆಲೂರು ಬೇಲೂರು ಎರಡೂ ಮೂರು ಅಕ್ಷರದ ಊರು. ಆಲೂರಿನಲ್ಲಿ ಇಲ್ಲದ್ದು, ಬೇಲೂರಿನಲ್ಲಿ ಇರುವುದು ಏನು? ‘ಬೇ’. ಸಕಲೇಶಪುರದಲ್ಲಿ ‘ಲೇ’. ಏತ್ವದ ದೀರ್ಘ! ಮಾದರಿಗೆ ಅರಸೀಕೆರೆ, ಹೊಳೆನರಸೀಪುರ, ಕೊಪ್ಪ, ಚನ್ನರಾಯಪಟ್ಟಣ ಅಂತ ಅತ್ತಿಗೆಯ ಹತ್ತಿರ ಇನ್ನು ನಾಲ್ಕು ಫೈಲ್ ಮಾಡಿಸಿದೆ. ಚನ್ನರಾಯಪಟ್ಟಣ ಮಾತ್ರ ಸಿಕ್ಕಿತು.

ನಾವು ಕಾಗುಣಿತ ಕಲಿತದ್ದು ನೆನಪಿದೆಯಾ, ಬಕಾರಕ್ಕೆ ಏತ್ವ ಕೊಟ್ಟರೆ ಬೆ, ಏತ್ವದ ದೀರ್ಘ ಬೇ? ಯುನಿಕೋಡ್‌ನಲ್ಲಿ ‘ಬೇ’ ಬರೆಯಲು ಎರಡು ದಾರಿ ಇವೆ. ಏತ್ವ ಮತ್ತು ದೀರ್ಘ ಸೇರಿದ ಒಂದೇ ಗುರುತು ಇಡಬಹುದು. ಇಲ್ಲವೇ ಕಾಗುಣಿತ ಹೇಳುವ ಹಾಗೆ ಏತ್ವ ಬೇರೆ, ದೀರ್ಘ ಬೇರೆ ಅಂತ ಎರಡು ಗುರುತು ಇಡಬಹುದು. ಎರಡೂ ಒಂದೇ ಅಕ್ಷರ ಅಂತ ಯುನಿಕೋಡ್ ಹೇಳುತ್ತದೆ, ಆದರೆ ಬೈಟ್ ಬೇರೆ. ಈ, ಏ, ಐ, ಒ, ಓ ಈ ಐದು ಸ್ವರಗಳ ಗುರುತಿಗೆ ಮಾತ್ರ ಹೀಗೆ ಬಿಡಿಸುವ ದಾರಿ ಇದೆ. ನಮ್ಮ ಕೀಬೋರ್ಡ್‌ಗಳು ಸಾಮಾನ್ಯವಾಗಿ ಸೇರಿದ ರೂಪ ಕೊಡುತ್ತವೆ. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ನ ಹೆಸರನ್ನು ಬಿಡಿಸಿಯೇ ಇಡುತ್ತದೆ, ಹುಡುಕುವಾಗಲೂ ನಾವು ಕೊಟ್ಟ ಹೆಸರನ್ನು ಬಿಡಿಸಿಕೊಂಡು ಹುಡುಕುತ್ತದೆ. ಅದಕ್ಕೇ ಅತ್ತಿಗೆಯ ಹತ್ತಿರ ಎಲ್ಲವೂ ಸಿಗುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಬೇರೆ ಥರ ನಡೆದುಕೊಂಡರೂ, ಹುಡುಕುವಾಗ ಎರಡೂ ರೂಪವನ್ನು ಒಂದೇ ಅಂತ ಒಪ್ಪಿಕೊಳ್ಳುತ್ತದೆ. ವಿಂಡೋಸ್, ಲಿನಕ್ಸ್ ಎರಡೂ ಹೆಸರನ್ನು ಇದ್ದ ಹಾಗೇ ಇಡುತ್ತವೆ, ಹಾಗಾಗಿ ಎರಡು ಬೇಲೂರು ಅವಕ್ಕೆ ಎರಡು ಬೇರೆ ಊರು. ಒಂದೇ ಫೋಲ್ಡರ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಡಬಹುದು, ಇಟ್ಟು ನೋಡಿದ್ದೇನೆ.

ಪರೀಕ್ಷೆ ಮಾಡಲು ಪೈಥಾನ್‌ನಲ್ಲಿ ಹೆಸರಿನ ಉದ್ದ ಕೇಳಿ. ಸೇರಿದ ರೂಪದ ಬೇಲೂರು 6, ಬಿಡಿಸಿದ ಬೇಲೂರು 7. ಸಕಲೇಶಪುರ 8 ಬರಬೇಕಾದಲ್ಲಿ 9 ಬರುತ್ತದೆ. ಹಾಸನ ಎರಡರಲ್ಲೂ 4. ಸರಿಪಡಿಸಲು ಯುನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಇದೆ. ಹೆಸರನ್ನು ನೇರವಾಗಿ ಕೊಟ್ಟು ಫೈಲ್ ತೆರೆಯುವುದನ್ನು ನಾನು ಬಿಟ್ಟೆ. ಈಗ ಫೋಲ್ಡರ್‌ನಲ್ಲಿ ಏನೇನಿದೆ ಅಂತ ಪಟ್ಟಿ ತೆಗೆದು, ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ಅನ್ನುವ ಸೇರಿದ ರೂಪಕ್ಕೆ ತಂದು ಹೋಲಿಸುತ್ತೇನೆ, ಹೊಂದಿದ ಫೈಲ್ ಅನ್ನು ಅದರ ಸ್ವಂತ ಹೆಸರಿನಿಂದಲೇ ತೆರೆಯುತ್ತೇನೆ. ಫೈಲ್ ಒಳಗಿನ ಊರಿನ ಹೆಸರಿಗೂ ಇದನ್ನೇ ಮಾಡಿ, ಇಲ್ಲದಿದ್ದರೆ ಒಟ್ಟು ಮಳೆಯ ಪಟ್ಟಿಯಲ್ಲಿ ಬೇಲೂರು ಎರಡು ಸಾಲು ಬಂದು ಲೆಕ್ಕ ಒಡೆದುಹೋಗುತ್ತದೆ.

ಸಣ್ಣಪುಟ್ಟವು

ಎಕ್ಸೆಲ್‌ನಿಂದ ಬಂದ ತಾರೀಕು. ಕಂಪ್ಯೂಟರ್‌ನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ದಿನ ತಿಂಗಳು ಅದಲುಬದಲಾಗುತ್ತದೆ. 12ನೇ ತಾರೀಕಿನವರೆಗೆ ಮಾತ್ರ ತಿರುಗಿ, 13ರಿಂದ ಮುಂದೆ ಹಾಗೇ ಉಳಿದಿದ್ದರೆ ಇದೇ ಕಾರಣ. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಬರೆಸಿ, ಗೊಂದಲ ಕಡಿಮೆ.

ಚಾರ್ಟ್‌ನಲ್ಲಿ ಅಕ್ಷರದ ಬದಲು ಚೌಕ ಡಬ್ಬಗಳು ಬಂದರೆ ಆ ಫಾಂಟ್‌ನಲ್ಲಿ ಕನ್ನಡ ಇಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಎಂಎನ್ ಇರುತ್ತದೆ, ಲಿನಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಬಹುದು. ಮೂರರ ಹೆಸರನ್ನೂ ಕೋಡ್‌ನಲ್ಲಿ ಸಾಲಾಗಿ ಕೊಡಿ. ಅಕ್ಷರ ಬಂದು ಒತ್ತು ಮಾತ್ರ ಕಳಚಿಕೊಂಡು ನಿಂತರೆ ಫಾಂಟ್ ಬದಲಿಸಿ ಪ್ರಯೋಜನ ಇಲ್ಲ, ಚಾರ್ಟ್ ಬರೆಯುವ ಲೈಬ್ರರಿಗೆ ಒತ್ತು ಜೋಡಿಸಲು ಬರುತ್ತಿಲ್ಲ. ನಾನು ಚಾರ್ಟ್ ಅನ್ನು ಬ್ರೌಸರ್‌ನಲ್ಲಿ ತೆರೆಯುವ ಎಚ್‌ಟಿಎಂಎಲ್‌ಗೆ ಬದಲಿಸಿದೆ. ಬ್ರೌಸರ್‌ಗಳು ಕನ್ನಡವನ್ನು ಚೆನ್ನಾಗಿ ಜೋಡಿಸುತ್ತವೆ.

ಮೂರು ಕಂಪ್ಯೂಟರ್ ಎಲ್ಲಿಂದ ತರೋದು ಅನ್ನುವವರು, ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಹಾಕಿಕೊಳ್ಳಿ, ಅಥವಾ ಲೈವ್ ಪೆನ್ ಡ್ರೈವ್‌ನಿಂದ ಉಬುಂಟು ಶುರು ಮಾಡಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಕೂಡ ಆಗುತ್ತದೆ, ಆದರೆ ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿ ಬಿಡದೆ ಲಿನಕ್ಸ್‌ನ ಹೋಮ್ ಫೋಲ್ಡರ್‌ಗೇ ಹಾಕಿ. ಮ್ಯಾಕ್‌ಗೆ ಮಾತ್ರ ಮ್ಯಾಕ್ ಇರುವವರನ್ನೇ ಕೇಳಬೇಕು.

ಹಾಗೆ ಕೇಳುವಾಗ ಪರದೆಯ ಫೋಟೋ ಒಂದನ್ನೇ ಕಳಿಸಿ ಅನ್ನಬೇಡಿ. ಫೋಟೋದಲ್ಲಿ ಎರಡು ಬೇಲೂರೂ ಒಂದೇ ಥರ ಕಾಣುತ್ತವೆ. ಎರರ್ ಅನ್ನು ಅಕ್ಷರವಾಗಿ ಕಾಪಿ ಮಾಡಿಸಿ, ಫೈಲ್ ಅನ್ನು ಜಿಪ್ ಮಾಡಿಸಿ ತರಿಸಿಕೊಳ್ಳಿ, ಆಪರೇಟಿಂಗ್ ಸಿಸ್ಟಮ್ ಮತ್ತು ಪೈಥಾನ್ ಯಾವ ಆವೃತ್ತಿ ಅಂತ ಕೇಳಿ, ಮತ್ತು ಯಾವ ಯಾವ ಊರು ಸರಿ ಬಂತು ಅಂತ ಮರೆಯದೆ ಕೇಳಿ. ನನ್ನ ಪರೀಕ್ಷೆಯ ಫೋಲ್ಡರ್‌ನಲ್ಲಿ ಈಗ ಐದು ಫೈಲ್ ಖಾಯಂ ಇವೆ: ಹಾಸನ, ಆಲೂರು, ಚಿಕ್ಕಮಗಳೂರು, ಸೇರಿದ ಬೇಲೂರು, ಬಿಡಿಸಿದ ಬೇಲೂರು. ಒಂದಕ್ಕೆ ಬಾಮ್ ಇದೆ, ಒಂದರ ಸಾಲಿನ ಕೊನೆ ವಿಂಡೋಸ್ ರೀತಿಯದ್ದು. ಯಾವ ಬದಲಾವಣೆ ಮಾಡಿದರೂ ಮೂರೂ ಕಡೆ ಈ ಐದನ್ನು ಓಡಿಸಿದ ಮೇಲೆಯೇ ಮಾವನಿಗೆ ಕಳಿಸುತ್ತೇನೆ.